ರಣಹದ್ದಿನ ಎಡರೆಕ್ಕೆಯಲ್ಲಿ ವಾಸವಾಗಿರುವವರಿಗೆ

ಶ್ರೀ ಗರಿಹುಳು ಅವರು ಮತ್ತು ಕುಟುಂಬದವರಿಗೆ,
ಎಡರೆಕ್ಕೆ, ಮೂರನೆಯ ಗರಿಸಾಲು,
ಬಿಳಿಬೆನ್ನಿನ ರಣಹದ್ದು, ಏಳನೆಯ ಗಾಜಿನ ಕಪಾಟು,
ಪಕ್ಷಿಗಳ ಕೊಠಡಿ, ಪ್ರಾಣಿ ವಸ್ತುಸಂಗ್ರಹಾಲಯ, ಮೊದಲ ಮಹಡಿ.

ಮಾನ್ಯರೇ,

ತಾವೂ ತಮ್ಮ ಮಕ್ಕಳುಮರಿಗಳೂ ಕ್ಷೇಮವೆಂದು ನಂಬಿದ್ದೇನೆ. ಇದು ಬರಿಯ ಉಪಚಾರದ ಮಾತಲ್ಲ. ಕಪಾಟಿನ ತಳದಲ್ಲಿ, ಹದ್ದಿನ ಪಾದಗಳ ಸುತ್ತ, ದಿನದಿಂದ ದಿನಕ್ಕೆ ಏರುತ್ತಿರುವ ಕಂದು ಪುಡಿಯನ್ನು ಕಂಡವರಾರೂ ತಮ್ಮ ಹಸಿವಿನ ಬಗ್ಗೆಯಾಗಲಿ ಜೀರ್ಣಶಕ್ತಿಯ ಬಗ್ಗೆಯಾಗಲಿ ಆತಂಕಪಡಲಾರರು. ಇತ್ತ ಕಡೆ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ. ಹಾಗೆ ಬರೆಯಲು ಸಾಧ್ಯವಾಗಿದ್ದರೆ ಈ ಪತ್ರದಿಂದ ತಮ್ಮ ಊಟದ ಸಮಯಕ್ಕೆ ತೊಂದರೆ ಕೊಡುತ್ತಿರಲಿಲ್ಲ.

ನನ್ನ ಪರಿಚಯ ತಮಗೆ ಇರಲಿಕ್ಕಿಲ್ಲ. ಈ ಸಂಗ್ರಹಾಲಯದಲ್ಲಿ ಪ್ರಾಣಿಗಳ ಕೆಳಗೆ ಅಂಟಿಸುವ ವಿವರಚೀಟಿಗಳನ್ನು ಬರೆಯುವವಳು ನಾನು. ಕೆಲಸ ತಾತ್ಕಾಲಿಕ, ಮುಂದುವರಿಕೆಯ ತೀರ್ಮಾನ ಬರುವ ಸೋಮವಾರ. ಸಾಹಿತ್ಯದಲ್ಲಿ ಎಂ.ಎ. ಮಾಡಿ, ಸತ್ತ ಪ್ರಾಣಿಗಳ ಕುರಿತು ನಲವತ್ತು ಪದ ಮೀರದಂತೆ ಬರೆಯುವ ಉದ್ಯೋಗಕ್ಕೆ ಸೇರಿದವಳೆಂದು ನನ್ನ ನೆಂಟರು ಮೂಗು ಮುರಿಯುತ್ತಾರೆ, ಆದರೆ ಇಲ್ಲಿ ನನಗೊಂದು ದೊಡ್ಡ ಅನುಕೂಲವಿತ್ತು: ನಾನು ಯಾರ ಬಗ್ಗೆ ಬರೆಯುತ್ತೇನೋ ಅವರಾರೂ ನನ್ನನ್ನು ಮಾತನಾಡಿಸುತ್ತಿರಲಿಲ್ಲ. ಎದುರಿಗೆ ಮನುಷ್ಯರು ನಿಂತರೆ ನನ್ನ ನಾಲಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ. ಬಸ್ಸಿನಲ್ಲಿ ಇಳಿಯಬೇಕಾದ ಕಡೆ ‘ನಿಲ್ಲಿಸಿ’ ಎನ್ನಲಾರದೆ ಮುಂದಿನ ನಿಲ್ದಾಣಕ್ಕೆ ಹೋಗಿ ಹಿಂದಕ್ಕೆ ನಡೆದು ಬಂದದ್ದು ಎಷ್ಟು ಸಲವೋ. ಈ ಪತ್ರಕ್ಕೆ ಕುಳಿತದ್ದನ್ನು ಕಂಡ ನನ್ನ ಅಮ್ಮ, “ಅತ್ತೆಗೆ ಒಂದು ಫೋನ್ ಮಾಡು ಅಂದ್ರೆ ಮೂರು ದಿನ ಮುಂದಕ್ಕೆ ಹಾಕ್ತೀಯ, ಹುಳಕ್ಕಾದ್ರೆ ಪುಟಗಟ್ಟಲೆ ಬರೀತೀಯ, ಅದೇನು ನಿನಗೆ ಹತ್ತಿರದ ನೆಂಟನಾ?” ಎಂದು ಕೇಳಿದರು. ಇಲ್ಲ ಎನ್ನಬೇಕೆಂದಿದ್ದೆ. ಆದರೆ ಕಳೆದ ಮೂರು ವಾರಗಳಲ್ಲಿ ತಾವೂ ನಾನೂ ಸೇರಿ ಮಾಡಿರುವ ಕೆಲಸವನ್ನು ನೆನೆದರೆ ಖಡಾಖಂಡಿತವಾಗಿ ಇಲ್ಲ ಎನ್ನಲಾಗಲಿಲ್ಲ.

ವಿಷಯಕ್ಕೆ ಬರುತ್ತೇನೆ. ನಮ್ಮ ಮೇಲಧಿಕಾರಿ ಮೇಡಂ ಮಗಳ ಬಾಣಂತನಕ್ಕೆಂದು ರಜೆ ಹಾಕಿ ಹೊರಡುವ ಹಿಂದಿನ ದಿನ, ಶಾಲಾಮಕ್ಕಳಿಗಾಗಿ ಒಂದು ಹೋಲಿಕೆಯ ಪ್ರದರ್ಶನ ಸಿದ್ಧಪಡಿಸಬೇಕೆಂದು ನನಗೆ ಹೇಳಿದರು. “ಒಂದಕ್ಕೊಂದು ಸಂಬಂಧಾನೇ ಇರಬಾರದು, ಅಂಥ ಎರಡು ಜೀವಿ ತಗೋ. ಯಾವುದು ಯಾವ ಗುಂಪು, ಯಾವುದು ಉಳಿದಿದೆ, ಯಾವುದು ಹೋಗ್ತಾ ಇದೆ, ಅಷ್ಟು ಮಕ್ಕಳಿಗೆ ತಿಳಿದ್ರೆ ಸಾಕು” ಎಂದರು. ಅದೇ ವಾರ ಬೀಗದಣ್ಣ ತಮ್ಮಲ್ಲೊಬ್ಬರನ್ನು ಬೆಂಕಿಪೊಟ್ಟಣದಲ್ಲಿ ಹಿಡಿದು ತಂದು ನನ್ನ ಮೇಜಿನ ಮೇಲಿಟ್ಟಿದ್ದ. ಬೀಗದಣ್ಣ ಯಾರೆಂದು ತಮಗೆ ಹೇಳಬೇಕಾಗಿಲ್ಲ: ಸೊಂಟದಲ್ಲಿ ಬೀಗದ ಕೈಗೊಂಚಲು ಝಣಝಣಿಸುತ್ತ, ಕಳೆದ ಇಪ್ಪತ್ತೇಳು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಒಂಬತ್ತೂವರೆಗೆ ಏಳನೆಯ ಕಪಾಟು ತೆರೆದು, ತನ್ನ ತಂದೆಯ ಹಳೆಯ ಕ್ಷೌರದ ಬ್ರಷ್ಷಿನಿಂದ ಹದ್ದಿನ ಕತ್ತು, ಬೆನ್ನು, ರೆಕ್ಕೆಗಳನ್ನು ಸವರುತ್ತ ಬಂದಿರುವ ಪರಿಚಾರಕ. ಆ ಹದ್ದನ್ನು ಆತ ‘ದೊಡ್ಡೋರು’ ಎಂದೇ ಕರೆಯುವುದು. “ನಮ್ಮಪ್ಪನ ತಲೆ ಬಾಚಿದ್ದಕ್ಕಿಂತ ದೊಡ್ಡೋರ ಕತ್ತು ಬಾಚಿದ್ದೇ ಜಾಸ್ತಿ ತಂಗೀ. ಕೂದಲು ಇಬ್ಬರಿಗೂ ಅಷ್ಟಕ್ಕಷ್ಟೆ, ಆದ್ರೆ ಇವರು ಬೈಯಲ್ಲ” ಎಂದು ಒಮ್ಮೆ ಹೇಳಿದ್ದ. ಹೀಗೆ ಒಂದು ಕಡೆ ದೊಡ್ಡವರನ್ನೂ ಇನ್ನೊಂದು ಕಡೆ ತಮ್ಮನ್ನೂ ಇಟ್ಟು ಹೋಲಿಸುವ ಭಾಗ್ಯ ನನ್ನದಾಯಿತು.

ಆ ಹೋಲಿಕೆಯನ್ನು ತಾವು ಓದಿರಲಿಕ್ಕಿಲ್ಲ, ಚೀಟಿ ಕಾಗದದ್ದು, ತಮಗೆ ರುಚಿಸದು. ಆದ್ದರಿಂದ ಇಲ್ಲಿ ಅರಿಕೆ ಮಾಡುತ್ತೇನೆ. ತಾವಿಬ್ಬರೂ ಪ್ರಾಣಿಸಾಮ್ರಾಜ್ಯದ ಪ್ರಜೆಗಳು ಎಂಬಲ್ಲಿಗೆ ಬಾಂಧವ್ಯ ಮುಗಿಯುತ್ತದೆ. ಅಲ್ಲಿಂದ ಮುಂದಿನ ಮೆಟ್ಟಿಲಲ್ಲೇ ಅವರು ಬೆನ್ನೆಲುಬಿರುವವರ ಸಾಲಿಗೆ ಹೋದರು, ತಾವು ಕೀಲುಗಾಲಿನವರ ಸಾಲಿಗೆ. ಅವರದು ಪಕ್ಷಿವರ್ಗ, ತಮ್ಮದು ಕೀಟವರ್ಗ. ಅವರ ಗಣದಲ್ಲಿ ಹದ್ದು ಗಿಡುಗಗಳಂಥ ಬೇಟೆಗಾರರಿದ್ದಾರೆ, ತಮ್ಮ ಗಣದಲ್ಲಿ ಗಟ್ಟಿರೆಕ್ಕೆಯ ಜೀರುಂಡೆಗಳು. ಕುಟುಂಬದ ಹೆಸರಿನ ವಿಷಯದಲ್ಲಂತೂ ತಮ್ಮ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಡರ್ಮೆಸ್ಟಿಡೇ, ಅಂದರೆ ಚರ್ಮ ತಿನ್ನುವವರು, ಎಂದು ಮನೆಯ ಹೆಸರಿನಲ್ಲೇ ಉದ್ಯೋಗವನ್ನು ಘೋಷಿಸಿಕೊಂಡ ಮನೆತನಗಳು ಎಷ್ಟಿವೆ? ತಮ್ಮ ಜಾತಿಯ ಶಾಸ್ತ್ರೀಯ ಹೆಸರಿನಲ್ಲಿ ವಸ್ತುಸಂಗ್ರಹಾಲಯ ಎಂಬ ಅರ್ಥವೇ ಅಡಗಿದೆ ಎಂದು ಓದಿ ನಾನು ಬೆರಗಾದೆ. ಇಪ್ಪತ್ತೇಳು ವರ್ಷ ದುಡಿದ ಬೀಗದಣ್ಣನ ಹೆಸರು ಈ ಕಟ್ಟಡದ ಒಂದು ಗೋಡೆಯ ಮೇಲೂ ಇಲ್ಲ.

ಇಷ್ಟೆಲ್ಲ ದೂರದವರಾದರೂ ತಮ್ಮಿಬ್ಬರ ಕಸುಬು ಒಂದೇ ಎಂಬುದು ನನಗೆ ಬರೆಯುತ್ತ ಬರೆಯುತ್ತ ಹೊಳೆಯಿತು. ಸತ್ತದ್ದನ್ನು ಉಂಡು ನೆಲವನ್ನು ಚೊಕ್ಕಟವಾಗಿಡುವುದು ಅವರ ಕೆಲಸವಾಗಿತ್ತು. ಒಂದು ಹಸುವಿನ ಹೆಣವನ್ನು ಅವರ ಬಳಗ ಸ್ವಲ್ಪ ಹೊತ್ತಿನಲ್ಲೇ ಮೂಳೆ ಕಾಣುವಂತೆ ಮಾಡಿಬಿಡುತ್ತಿತ್ತು. ಆಮೇಲೆ ಮನುಷ್ಯರು ದನಗಳಿಗೆ ನೋವು ಕಳೆಯುವ ಔಷಧವೊಂದನ್ನು ಕೊಡಲು ಹಿಡಿದರು, ಆ ದನಗಳ ಹೆಣ ತಿಂದ ಹದ್ದುಗಳ ಮೂತ್ರಪಿಂಡಗಳು ಕೆಟ್ಟವು, ಹದಿನೈದು ವರ್ಷ ಕಳೆಯುವಷ್ಟರಲ್ಲಿ ನೂರರಲ್ಲಿ ತೊಂಬತ್ತೊಂಬತ್ತು ಹದ್ದುಗಳು ಇಲ್ಲವಾದವು. ನೋವು ಕಡಿಮೆ ಮಾಡಲೆಂದು ಮಾಡಿದ ಕೆಲಸವಾದ್ದರಿಂದ ಯಾರನ್ನೂ ಬೈಯುವಂತಿಲ್ಲ. ಅವರ ಸ್ಥಿತಿಯ ಚೀಟಿಯಲ್ಲಿ ನಾನು ಬರೆದದ್ದು: ‘ತೀವ್ರ ಅಪಾಯದಲ್ಲಿದೆ.’

ತಮ್ಮ ಚೀಟಿಯಲ್ಲಿ ಬರೆದದ್ದು: ‘ಮೌಲ್ಯಮಾಪನವಾಗಿಲ್ಲ.’ ತಾವು ಎಷ್ಟು ಜನರಿದ್ದೀರಿ, ಹೆಚ್ಚುತ್ತಿದ್ದೀರೋ ಇಳಿಯುತ್ತಿದ್ದೀರೋ ಎಂದು ಕೇಳುವ ತೊಂದರೆಯನ್ನು ಯಾವ ತಜ್ಞರೂ ತೆಗೆದುಕೊಂಡಿಲ್ಲ, ತಾವೂ ಕೇಳಿಸಿಕೊಳ್ಳಲು ಕಾದಿಲ್ಲ. ಯಾರ ಕಣ್ಣಿಗೂ ಬೀಳದೆ, ಯಾರ ಪಟ್ಟಿಯಲ್ಲೂ ಸೇರದೆ, ಹೊಟ್ಟೆ ತುಂಬ ಉಂಡು ಬದುಕುವ ಈ ಕಲೆಯನ್ನು ನಾಚಿಕೆ ಸ್ವಭಾವದವಳಾದ ನಾನು ಎಷ್ಟು ಮೆಚ್ಚಿದೆನೆಂದರೆ, ಆ ಚೀಟಿಯನ್ನು ಎರಡು ಸಲ ಟೈಪು ಮಾಡಿ ಚಂದದ್ದನ್ನು ಇಟ್ಟುಕೊಂಡೆ.

ಇನ್ನು ತಪ್ಪಿನ ಸಂಗತಿ. ನಮ್ಮಲ್ಲಿ ಪ್ರಾಣಿಯ ಹೆಸರು, ವರ್ಗೀಕರಣಗಳ ಫಲಕ ಕಪಾಟಿಗೆ ಶಾಶ್ವತವಾಗಿ ಮೊಳೆ ಹೊಡೆದಿರುತ್ತದೆ. ಅಳಿವು ಉಳಿವಿನ ಸ್ಥಿತಿ ಮಾತ್ರ ಆಗಾಗ ಬದಲಾಗುವುದರಿಂದ ಅದನ್ನು ಬೇರೆ ಚೀಟಿಯಲ್ಲಿ ಬರೆದು, ಗಾಜಿನ ಹೊರಗಿರುವ ಹಿತ್ತಾಳೆಯ ಚೌಕಟ್ಟಿನೊಳಗೆ ತೂರಿಸುತ್ತೇವೆ. ಆ ದಿನ ಎರಡೂ ಚೀಟಿಗಳನ್ನು ಬೀಗದಣ್ಣನ ಕೈಗೆ ಕೊಟ್ಟೆ. ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಬರುವ ಅಭ್ಯಾಸದ ಆತ, “ತಂಗೀ, ಯಾವುದು ಯಾರಿಗೆ?” ಎಂದು ಕೇಳಿದ. ಅಷ್ಟರಲ್ಲಿ ಮೇಡಂ ಜಾಗದಲ್ಲಿ ಪ್ರಭಾರ ವಹಿಸಿಕೊಂಡಿದ್ದ ಹಿರಿಯ ಗುಮಾಸ್ತರು ಒಳಗೆ ಬಂದರು. ಅವರು ಬಂದರೆ ನನಗೆ ಕೈಕಾಲು ಆಡುವುದಿಲ್ಲ. ಬಾಯಿಬಿಟ್ಟು ಐದು ಪದ ಹೇಳುವ ಬದಲು ನಾನು ಗದ್ದದಿಂದ ಮೊದಲು ಅತ್ತ, ಆಮೇಲೆ ಇತ್ತ ತೋರಿಸಿದೆ. ಬೀಗದಣ್ಣ ನನ್ನ ಗದ್ದವನ್ನು ನಂಬಿ, ತಮ್ಮ ಚೀಟಿಯನ್ನು ದೊಡ್ಡವರಿಗೂ ದೊಡ್ಡವರ ಚೀಟಿಯನ್ನು ತಮಗೂ ತೂರಿಸಿದ. ನಾನು ತಿರುಗಿ ನೋಡಲಿಲ್ಲ.

ನಾಲ್ಕನೆಯ ದಿನ ಪರಿಶೀಲನಾ ಸಮಿತಿ ಬಂತು: ಅಧ್ಯಕ್ಷರು, ಒಬ್ಬ ಸದಸ್ಯರು, ಮತ್ತು ಬಿಸ್ಕತ್ತಿನ ತಟ್ಟೆ ಎಲ್ಲಿ ಹೋದರೂ ಜೊತೆಗೆ ಹೋಗುತ್ತಿದ್ದ ಇನ್ನೊಬ್ಬ ಸದಸ್ಯರು. ಹುಳು ಹಿಡಿದ ಪ್ರಾಣಿ ಅಪಾಯದ ಪಟ್ಟಿಯಲ್ಲಿ ಇಲ್ಲದಿದ್ದರೆ ಅದನ್ನು ತೆಗೆದು ಸುಟ್ಟುಬಿಡಬೇಕೆಂಬುದು ನಮ್ಮಲ್ಲಿನ ನಿಯಮ. ಏಳನೆಯ ಕಪಾಟಿನ ಮುಂದೆ ನಿಂತ ಅಧ್ಯಕ್ಷರು ಚೌಕಟ್ಟಿನಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿ, “ಯಾರೂ ಇದನ್ನ ಲೆಕ್ಕಕ್ಕೇ ತಗೊಂಡಿಲ್ಲ ಅಂದ್ಮೇಲೆ ನಾವ್ಯಾಕ್ರೀ ತಗೋಬೇಕು? ಹಿತ್ತಲಲ್ಲಿ ಸುಟ್ಟುಬಿಡಿ” ಎಂದರು. ಮೊದಲ ಸದಸ್ಯರು ಮೆಲ್ಲಗೆ, “ರಣಹದ್ದು ತುಂಬಾ ಕಮ್ಮಿಯಾಗಿದೆ ಅಂತ ಎಲ್ಲೋ ಓದಿದ ನೆನಪು” ಎಂದರು. “ಎಲ್ಲೋ ಓದಿದ್ದು ಬಿಡಿ ಸ್ವಾಮಿ, ಇಲ್ಲಿ ಬರೆದಿದೆಯಲ್ಲ, ಓದಿ” ಎಂದು ಅಧ್ಯಕ್ಷರು ನನ್ನ ಟೈಪಿನ ಮೇಲೆ ಬೆರಳಿಟ್ಟರು. ನಾನು ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕಡತ ಎದೆಗೊತ್ತಿಕೊಂಡು ನಿಂತಿದ್ದೆ. ಆಗಲೇ ನನಗೆ ತಪ್ಪು ಗೊತ್ತಾದದ್ದು. ‘ಚೀಟಿ ಅದಲುಬದಲಾಗಿದೆ’ ಎಂಬ ಎರಡು ಪದ ನನ್ನ ಗಂಟಲಿನ ತನಕ ಬಂದು, ಅಲ್ಲೇ ಕುಳಿತು, ಮತ್ತೆ ಕೆಳಗಿಳಿದು ಹೋದವು.

ಅಲ್ಲಿಗೇ ಮುಗಿದಿದ್ದರೆ ದೊಡ್ಡವರು ಬೂದಿಯಾಗುತ್ತಿದ್ದರು, ತಾವೂ ಅವರೊಡನೆ. ತಮ್ಮನ್ನು ಉಳಿಸಿದ್ದು ಪಕ್ಕದ ಮೇಜಿನ ಮೇಲಿದ್ದ ಗಾಜಿನ ಬಟ್ಟಲು. ಅದರಲ್ಲಿ ತಮ್ಮ ದಿವಂಗತ ಬಂಧುವೊಬ್ಬರು ಎಳ್ಳಿನಷ್ಟಗಲದ ದೇಹ ಚಾಚಿ ಮಲಗಿದ್ದರು, ಮೇಲೊಂದು ಭೂತಗನ್ನಡಿ, ಕೆಳಗೆ ನನ್ನ ಚೀಟಿ. ಅಧ್ಯಕ್ಷರು ಬಗ್ಗಿ ಓದಿದವರು ಹಾಗೇ ನಿಂತುಬಿಟ್ಟರು. “ತೀವ್ರ ಅಪಾಯ! ಇಂಥದ್ದು ನಮ್ಮಲ್ಲಿದೆಯಾ? ಯಾರೂ ಹೇಳಲೇ ಇಲ್ಲವಲ್ರೀ! ಬದುಕಿರೋದು ಒಂದಾದ್ರೂ ಉಂಟಾ?” ಎಂದು ಕೇಳಿದಾಗ, ಸುಳ್ಳು ಹೇಳಿ ಗೊತ್ತಿಲ್ಲದ ಬೀಗದಣ್ಣ, “ಒಂದೇನು ಸಾರ್, ದೊಡ್ಡೋರ ರೆಕ್ಕೆ ತುಂಬಾ ಅದೇ” ಎಂದ. ಬಿಸ್ಕತ್ತಿನ ಸದಸ್ಯರು ಆ ದಿನ ಮಾತನಾಡಿದ್ದು ಅದೊಂದೇ ಸಲ: “ಹಾಗಾದ್ರೆ ಸುಡೋದು ಹೇಗೆ? ಅದು ಅದರ ಮನೆಯಲ್ವಾ?”

ಮಾನ್ಯರೇ, ಒಂದು ಹಕ್ಕಿಯನ್ನು ಅದನ್ನು ತಿನ್ನುತ್ತಿರುವವರ ಮನೆಯೆಂಬ ಕಾರಣಕ್ಕೆ ಉಳಿಸಿದ ಉದಾಹರಣೆ ಬೇರೆಲ್ಲಾದರೂ ಇದೆಯೋ ಕಾಣೆ. ಠರಾವು ಅಲ್ಲೇ ಸಿದ್ಧವಾಯಿತು. ಏಳನೆಯ ಕಪಾಟನ್ನು ಇನ್ನು ಯಾರೂ ತೆರೆಯಕೂಡದು, ಬ್ರಷ್ಷು ಸೋಕಿಸಕೂಡದು, ಔಷಧ ಇಡಕೂಡದು, ಒಳಗಿನವರ ಆಹಾರಕ್ಕೆ ಭಂಗ ತರಕೂಡದು. ಗುಮಾಸ್ತರು ಬೀಗದಣ್ಣನ ಗೊಂಚಲಿನಿಂದ ಏಳನೆಯ ಬೀಗದ ಕೈಯನ್ನು ಬಿಡಿಸಿಕೊಂಡು, ಕಪಾಟಿನ ಬಾಗಿಲಿಗೆ ಕಾಗದದ ಪಟ್ಟಿ ಅಂಟಿಸಿ ಮುದ್ರೆ ಒತ್ತಿದರು. ಮರುದಿನ ಶಾಲೆಯ ಮಕ್ಕಳು ಸಾಲಾಗಿ ಬಂದು ತಮ್ಮ ಚಿತ್ರ ಬರೆದರು. ಒಬ್ಬಳು ತಮಗೆ ರೆಪ್ಪೆಗೂದಲು ಇಟ್ಟು, ಕಣ್ಣಿನಲ್ಲೊಂದು ಹನಿ ನೀರನ್ನೂ ಇಟ್ಟಿದ್ದಳು. ಯಾರೂ ಹದ್ದಿನ ಚಿತ್ರ ಬರೆಯಲಿಲ್ಲ, ಅದು ತಮ್ಮ ಹಿಂದಿನ ಗೋಡೆಯಂತೆ ಕಂಡಿತೇನೋ.

ಅಂದು ಸಂಜೆಯೇ ನಾನು ಎರಡೂ ಚೀಟಿಗಳನ್ನು ಸದ್ದಿಲ್ಲದೆ ಸರಿಯಾಗಿ ಬದಲಿಸಿಟ್ಟೆ. ಬೆಳಿಗ್ಗೆ ನೋಡಿದರೆ ಗುಮಾಸ್ತರು ಅವನ್ನು ಮತ್ತೆ ಮೊದಲಿನಂತೆ ಮಾಡಿಸಿದ್ದರು. “ಠರಾವಲ್ಲಿ ಹೇಗಿದೆಯೋ ಕಪಾಟಲ್ಲೂ ಹಾಗೇ ಇರಬೇಕು” ಎಂದು ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. ಆಗಲೂ ನಾನು ಬಾಯಿ ತೆರೆಯಬಹುದಿತ್ತು.

ಹೀಗಿರಲಾಗಿ ತಮ್ಮಲ್ಲಿ ಕೆಲವು ಕೋರಿಕೆಗಳನ್ನು ಸಲ್ಲಿಸಲು ಹೊರಟೆ. ತಿನ್ನಲೇಬೇಕಾದರೆ ಒಳಗಿನ ಗರಿಗಳಿಂದ ತೊಡಗಿ, ಕಾಣುವ ಗರಿಗಳನ್ನು ಕೊನೆಗೆ ಉಳಿಸಿಕೊಳ್ಳಬೇಕೆಂದೂ, ಕತ್ತಿನ ಸುತ್ತಲಿನ ಬಿಳಿಯ ಮೆತ್ತೆಗೆ ಇಪ್ಪತ್ತೇಳು ವರ್ಷಗಳ ಬೆಳಗುಗಳು ಸೇರಿಕೊಂಡಿರುವುದರಿಂದ ಅದಕ್ಕೆ ಬಾಯಿ ಹಾಕಬಾರದೆಂದೂ ಕೇಳಿಕೊಳ್ಳಬೇಕೆಂದಿದ್ದೆ. ಬೆಳೆದು ರೆಕ್ಕೆ ಬಂದ ಮೇಲೆ ತಮ್ಮವರು ಗರಿಯ ರುಚಿ ಬಿಟ್ಟು, ಕಿಟಕಿಯಿಂದ ಹೊರಗೆ ಹಾರಿ, ಹೂಗಳ ಮೇಲೆ ಕುಳಿತು ಪರಾಗ ಸವಿಯುತ್ತಾರೆಂದು ಪುಸ್ತಕದಲ್ಲಿದೆ. ಇಷ್ಟು ಸೊಗಸಾದ ನಿವೃತ್ತಿಜೀವನ ಕಾದಿರುವಾಗ ಬಾಲ್ಯವನ್ನು ಸ್ವಲ್ಪ ಬೇಗ ಮುಗಿಸಬಾರದೇಕೆ ಎಂದು ತಮ್ಮ ಮಕ್ಕಳನ್ನು ಕೇಳಿ ನೋಡಬೇಕೆಂದೂ, ಅದೂ ಆಗದಿದ್ದರೆ ತಾವೇ ಖುದ್ದಾಗಿ ಸಮಿತಿಯ ಮುಂದೆ ಹಾಜರಾಗಿ, ‘ನಮಗೆ ಯಾವ ಅಪಾಯವೂ ಇಲ್ಲ, ಅಪಾಯ ನಾವೇ’ ಎಂದು ಹೇಳಿಕೆ ಕೊಡಬೇಕೆಂದೂ ಬರೆಯಲಿದ್ದೆ. ನನಗೆ ಬಾಯಿಲ್ಲ, ತಮಗೆ ಬಾಯಿ ಬಿಟ್ಟರೆ ಬೇರೇನಿಲ್ಲ. ಈ ಕೆಲಸಕ್ಕೆ ತಾವೇ ತಕ್ಕವರೆಂದು ತೋರಿತ್ತು.

ಆದರೆ ಕಳೆದ ಗುರುವಾರ ದೊಡ್ಡವರ ಎಡರೆಕ್ಕೆಯಿಂದ ಒಂದು ಉದ್ದನೆಯ ಗರಿ ಕಳಚಿ ಬಿತ್ತು. ಬೀಗದಣ್ಣ ಗಾಜಿನ ಹೊರಗೆ, ಜೇಬಿನಲ್ಲಿದ್ದ ಬ್ರಷ್ಷನ್ನು ಜೇಬಿನಲ್ಲೇ ಹಿಡಿದುಕೊಂಡು ನಿಂತಿದ್ದ. ನಾನು ಪಕ್ಕ ಬಂದದ್ದು ತಿಳಿದು, ತಿರುಗದೆಯೇ, “ತಂಗೀ, ಆ ಚೀಟಿ ಹಾಕಿದ್ದು ನಾನೇ. ನನ್ನ ಕೈ ಏನಾದ್ರೂ ತಪ್ಪಿತಾ?” ಎಂದು ಕೇಳಿದ. “ಗೊತ್ತಿಲ್ಲಣ್ಣ” ಎಂದೆ. ಆ ವಾರವಿಡೀ ನಾನು ತೊದಲದೆ ಆಡಿದ ಒಂದೇ ಮಾತು ಅದು, ಅದೂ ಸುಳ್ಳು.

ಶುಕ್ರವಾರ ಆತನಿಗೆ ನೋಟಿಸ್ ಬಂತು. ತೀವ್ರ ಅಪಾಯದಲ್ಲಿರುವ ಜೀವಿಯೊಂದರ ವಾಸಸ್ಥಾನದ ಮೇಲೆ ಇಪ್ಪತ್ತೇಳು ವರ್ಷ ಪ್ರತಿದಿನವೂ ಬ್ರಷ್ಷು ಆಡಿಸಿ ಅದರ ಸಂತತಿಗೆ ಕಿರುಕುಳ ಕೊಟ್ಟದ್ದೇಕೆ, ಸೋಮವಾರದೊಳಗೆ ಬರಹದಲ್ಲಿ ಕಾರಣ ಕೊಡದಿದ್ದರೆ ಪಕ್ಷಿಗಳ ಕೊಠಡಿಯಿಂದ ಸೈಕಲ್ ನಿಲುಗಡೆಗೆ ವರ್ಗಾಯಿಸಲಾಗುವುದು ಎಂದಿತ್ತು. ಆತ ಅದನ್ನು ನನ್ನ ಹತ್ತಿರ ತಂದ. ಜೊತೆಗೆ ಒಂದು ಬಿಳಿಯ ಹಾಳೆ, ಅದರ ಅಡಿಯಲ್ಲಿ ಮೊದಲೇ ಹಾಕಿಟ್ಟ ಸಹಿ. “ನೀನು ಓದಿದೋಳು, ಮೇಲೆ ಏನು ಬರೀಬೇಕೋ ಬರಿ. ತಪ್ಪಾಯ್ತು ಅಂತಲೇ ಬರಿ ತಂಗೀ, ಜಗಳ ಬೇಡ. ದಿನಾ ಅವರ ಮುಖ ನೋಡೋಕೆ ಬಿಟ್ರೆ ಸಾಕು” ಎಂದ. ಹಾಳೆಯನ್ನು ಮುಂದಿಟ್ಟುಕೊಂಡು ಶನಿವಾರ ಬೆಳಗಿನಿಂದ ಮಧ್ಯಾಹ್ನದವರೆಗೂ ಕುಳಿತೆ. ಬರೆಯುವುದು ಮಾತ್ರ ನನಗೆ ಯಾವಾಗಲೂ ಬರುತ್ತಿತ್ತು, ಆ ಸಹಿಯ ಮೇಲೆ ಬರಲಿಲ್ಲ. ಹಾಗಾಗಿ ಬೇರೆ ಹಾಳೆಗಳನ್ನು ತೆಗೆದುಕೊಂಡು ತಮ್ಮನ್ನು ಸಂಬೋಧಿಸಿ ಮೊದಲು ಮಾಡಿದೆ, ತಮ್ಮ ಎದುರಿಗೆ ನನಗೆ ಸಂಕೋಚವಿಲ್ಲ. ಇಷ್ಟು ದೂರ ಬಂದ ಮೇಲೆ ಉಳಿದವರ ಎದುರಿಗೂ ಅದೇ ಮಾತನ್ನು ಹೇಳಬಹುದೆಂದು ತೋರುತ್ತಿದೆ.

ಆದ್ದರಿಂದ ತಿಳಿಯಪಡಿಸುವುದೇನೆಂದರೆ, ಚೀಟಿಗಳು ಅದಲುಬದಲಾದದ್ದು ನನ್ನಿಂದ. ಕೇಳಿದವನಿಗೆ ಬಾಯಿಬಿಟ್ಟು ಹೇಳದವಳು ನಾನು, ತಪ್ಪು ತಿಳಿದ ಮೇಲೂ ಸಮಿತಿಯ ಮುಂದೆ ಸುಮ್ಮನಿದ್ದವಳು ನಾನು, ಬೀಗದಣ್ಣನಿಗೆ ಗೊತ್ತಿಲ್ಲ ಎಂದವಳೂ ನಾನೇ. ತೀವ್ರ ಅಪಾಯದಲ್ಲಿರುವವರು ದೊಡ್ಡವರು, ತಾವು ಅಲ್ಲ. ಈ ಪತ್ರದ ಒಂದು ಪ್ರತಿ ನೋಟಿಸಿಗೆ ಉತ್ತರವಾಗಿ ಗುಮಾಸ್ತರ ಮೇಜಿಗೆ, ಒಂದು ಸೋಮವಾರ ಹಿಂದಿರುಗುವ ಮೇಡಂಗೆ, ಒಂದು ಸಮಿತಿಗೆ ಹೋಗುತ್ತದೆ. ಇನ್ನೊಂದನ್ನು ಏಳನೆಯ ಕಪಾಟಿನ ಗಾಜಿಗೆ ಅಂಟಿಸುತ್ತೇನೆ, ನಲವತ್ತು ಪದದ ಮಿತಿ ಮೀರಿದ್ದಕ್ಕೆ ಕ್ಷಮೆಯಿರಲಿ. ಸಹಿ ಮಾಡಿದ ಬಿಳಿಹಾಳೆಯನ್ನು ಬಿಳಿಯಾಗಿಯೇ ಅದರ ಒಡೆಯನಿಗೆ ಹಿಂದಿರುಗಿಸುತ್ತೇನೆ.

ತಮ್ಮ ಮುಂದಿನ ವಸತಿಯ ಏರ್ಪಾಡನ್ನೂ ಮಾಡಿದ್ದೇನೆ. ತಾವು ಹಿಡಿದ ಪ್ರಾಣಿಯನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಹದಿನಾಲ್ಕು ದಿನ ಕಡುಚಳಿಯಲ್ಲಿಟ್ಟರೆ ಪ್ರಾಣಿ ಉಳಿಯುತ್ತದೆ ಎಂದು ಮೇಡಂ ಹಿಂದೊಮ್ಮೆ ಹೇಳಿದ್ದರು. ಎದುರು ರಸ್ತೆಯ ಐಸ್‌ಕ್ರೀಮ್ ಅಂಗಡಿಯಲ್ಲಿ ಹಳೆಯದೊಂದು ಫ್ರೀಜರ್ ಖಾಲಿ ಬಿದ್ದಿದೆ. ಶನಿವಾರ ಸಂಜೆ ಅಂಗಡಿಯ ಮುಂದೆ ಮೂರು ಸುತ್ತು ಹಾಕಿ, ನಾಲ್ಕನೆಯ ಸಲಕ್ಕೆ ಒಳಗೆ ಹೋಗಿ, ಬಾಯಿಬಿಟ್ಟು ಕೇಳಿದೆ. ಅಂಗಡಿಯಾತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಹದ್ದಾ? ಸತ್ತಿದೆ ತಾನೆ? ಹಾಗಾದ್ರೆ ತಂದಿಡಿ, ಬದುಕಿರೋ ಗಿರಾಕಿಗಳಷ್ಟು ತಂಟೆ ಮಾಡಲ್ಲ” ಎಂದ. ಮೇಡಂ ಒಪ್ಪಿ ಮುದ್ರೆ ಒಡೆದರೆ ಸೋಮವಾರವೇ ಸಾಗಣೆ. ಹೊರುವವನು ಬೀಗದಣ್ಣ, ಬೇರೆ ಯಾರಿಗೂ ಆತ ಬಿಡುವುದಿಲ್ಲ. ಇಂದು ಭಾನುವಾರ, ಕಿಟಕಿಯನ್ನು ನಾನೇ ತೆರೆದಿಟ್ಟಿದ್ದೇನೆ. ರೆಕ್ಕೆ ಬಲಿತ ತಮ್ಮವರು ಯಾರಾದರೂ ಇದ್ದರೆ, ಅಂಗಳದಲ್ಲಿ ಬಿಳಿಯ ಹೂವಿನ ಗಿಡವೊಂದು ಅರಳಿ ನಿಂತಿದೆ ಎಂಬುದು ಅವರ ಗಮನಕ್ಕೆ.

ಇಷ್ಟು ದಿನ ತಮ್ಮ ಮೌನಕ್ಕೆ ಜೊತೆಯಾಗಿದ್ದ,

ತಮ್ಮ ವಿಶ್ವಾಸಿ,
ವಿವರಚೀಟಿ ಬರೆಯುವವಳು
(ಸ್ಥಿತಿ: ಸೋಮವಾರ ಹನ್ನೊಂದು ಗಂಟೆಗೆ ತಿಳಿಯುತ್ತದೆ)

ತಾ.ಕ.: ತಮಗೆ ಉಣ್ಣೆಯೂ ಬಲು ಇಷ್ಟವೆಂದು ಓದಿದ್ದೇನೆ. ಫ್ರೀಜರಿನಲ್ಲಿ ಚಳಿ ವಿಪರೀತ, ಆದ್ದರಿಂದ ನನ್ನ ಹಳೆಯ ಸ್ವೆಟರಿನ ಒಂದು ತೋಳನ್ನು ಪೊಟ್ಟಣದೊಳಗೆ ಇಡುತ್ತಿದ್ದೇನೆ. ಈ ಒಂದು ಸಲ ಅದನ್ನು ತಿನ್ನದೆ ಹೊದ್ದುಕೊಳ್ಳಬೇಕೆಂದು ಪ್ರಾರ್ಥನೆ.